ಮನೆಯಲ್ಲೊಂದು ಪುಟ್ಟ ಹವಳದ ತೊಟ್ಟಿ: ಯೋಜನೆಯಿಂದ ಮೊದಲ ಮೀನಿನವರೆಗೆ

ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಗಾಜಿನ ತೊಟ್ಟಿಯನ್ನು ಕೊಳ್ಳುತ್ತಾರೆ, ಆಮೇಲೆ ದೀಪವನ್ನು, ಮರುವಾರವೇ ಮೀನನ್ನು. ತೊಟ್ಟಿಗೆ ಬಂದ ಜೀವಿಗಳಲ್ಲಿ ಹಲವು ಮೊದಲ ತಿಂಗಳಲ್ಲೇ ಸಾಯುವುದಕ್ಕೆ ಈ ಕ್ರಮವೇ ಮುಖ್ಯ ಕಾರಣ. ಯಾವ ಜೀವಿಗಳನ್ನು ಸಾಕಬೇಕೆಂಬುದನ್ನು ಎಲ್ಲಕ್ಕಿಂತ ಮೊದಲು ಕಾಗದದ ಮೇಲೆ ಬರೆದುಕೊಂಡು, ಅವುಗಳನ್ನು ಎಲ್ಲಕ್ಕಿಂತ ಕೊನೆಗೆ ಮನೆಗೆ ತರಬೇಕು. ತೊಟ್ಟಿಯ ಅಳತೆ, ಬೆಳಕು, ನೀರಿನ ಹರಿವು, ತಂಪುಗೊಳಿಸುವ ವ್ಯವಸ್ಥೆ ಇವೆಲ್ಲ ಆ ಪಟ್ಟಿಯಿಂದಲೇ ನಿರ್ಧಾರವಾಗುತ್ತವೆ. ಬೆಂಗಳೂರಿನಂಥ ಊರಿನ ಮನೆಯಲ್ಲಿ ಸುಮಾರು 120 ಲೀಟರಿನ ತೊಟ್ಟಿಯನ್ನು ಇಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ವಿವರಗಳನ್ನು ಕೊಡಲಾಗಿದೆ. ಕರಾವಳಿಯವರಿಗೆ ಬದಲಾಗುವ ಅಂಶಗಳನ್ನು ಆಯಾ ಕಡೆಯೇ ಸೂಚಿಸಲಾಗಿದೆ.

ಪಟ್ಟಿ ಬರೆಯುವ ಮುನ್ನ ಕಾನೂನು

ಹೊರದೇಶಗಳ ವಿಡಿಯೊಗಳನ್ನು ನೋಡಿ ಆಸೆಪಟ್ಟವರಿಗೆ ಈ ಭಾಗ ನಿರಾಸೆ ತರಬಹುದು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಬೀಸಣಿಗೆಯಂತೆ ಹರಡುವ ಗೋರ್ಗೋನಿಯನ್‌ಗಳನ್ನೂ ಸೇರಿಸಲಾಯಿತು. ಕಡಲಕುದುರೆಗಳು ಮತ್ತು ಸಮುದ್ರ ಸೌತೆಗಳು ಕೂಡ ಅದೇ ವರ್ಷ ಆ ಪಟ್ಟಿಗೆ ಬಂದವು. ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಮೊದಲನೇ ಅನುಸೂಚಿಯ ಜೀವಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸದ ಶಿಕ್ಷೆ ಇದೆ. ಆದ್ದರಿಂದ ಆಕ್ರೊಪೊರಾ, ಯುಫಿಲಿಯಾ, ಮೆದುಳು ಹವಳ ಮುಂತಾದವುಗಳು ಎಷ್ಟೇ ಚೆಂದವಿದ್ದರೂ ಮೊದಲ ತೊಟ್ಟಿಯ ಪಟ್ಟಿಯಲ್ಲಿ ಇರಬಾರದು. 'ಇದು ವಿದೇಶದಿಂದ ಬಂದದ್ದು, ತೊಂದರೆ ಇಲ್ಲ' ಎಂಬ ಅಂಗಡಿಯವರ ಬಾಯಿಮಾತನ್ನು ನಂಬಿ ಕೊಳ್ಳುವುದು ವಿವೇಕವಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಗಟ್ಟಿ ಹವಳಗಳಿವೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರಿಗೆ ನೋಂದಣಿಯ ಹೊಣೆಯೂ ಬಂದಿದೆ.

ಸಮುದ್ರದಿಂದ ತೆಗೆದ 'ಲೈವ್ ರಾಕ್' ಕೂಡ ಬೇಡ. ಆ ಕಲ್ಲುಗಳೆಂದರೆ ಬಹುಪಾಲು ಹಳೆಯ ಹವಳದ ಅಸ್ಥಿಯೇ ಆಗಿರುತ್ತದೆ. ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳು ಹಿಂದೆ ಸುಣ್ಣಕ್ಕಾಗಿ ನಡೆದ ಅಗೆತದಿಂದ ಸಾಕಷ್ಟು ನಲುಗಿವೆ; ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ, ಅವು ಅಲ್ಲೇ ಇರಲಿ. ಗಣಿಯಿಂದ ತೆಗೆದ ಅಥವಾ ಕಾರ್ಖಾನೆಯಲ್ಲಿ ಮಾಡಿದ, ರಂಧ್ರಗಳು ಹೆಚ್ಚಿರುವ ಒಣಕಲ್ಲು ಎಲ್ಲ ಕೆಲಸಕ್ಕೂ ಸಾಕು.

ಇಷ್ಟೆಲ್ಲ ಬಿಟ್ಟರೂ ಉಳಿಯುವ ಪಟ್ಟಿ ಬಡವಾಗಿಯೇನೂ ಇಲ್ಲ. ಅಣಬೆ ಹವಳವೆಂದು ಕರೆಯುವ ಡಿಸ್ಕೊಸೋಮ, ಬಣ್ಣಬಣ್ಣದ ಝೋವಾಂಥಸ್, ತೊಗಲಿನಂತಿರುವ ಸಾರ್ಕೊಫೈಟಾನ್, ಮುಷ್ಟಿ ಬಿಚ್ಚಿ ಮುಚ್ಚುವಂತೆ ಮಿಡಿಯುವ ಝೀನಿಯಾ ಇವು ಗಟ್ಟಿ ಹವಳಗಳ ಗುಂಪಿಗೆ ಸೇರಿದವಲ್ಲ; ಹವ್ಯಾಸಿಗಳು ಇವನ್ನು ಒಟ್ಟಾಗಿ ಮೆದು ಹವಳಗಳೆನ್ನುತ್ತಾರೆ. ಹೊಸಬರ ಕೈಯಲ್ಲಿ ಬದುಕುಳಿಯುವ ಗಟ್ಟಿತನ ಇರುವುದೂ ಇವುಗಳಿಗೇ. ಇವುಗಳನ್ನು ಕೊಳ್ಳುವಾಗಲೂ ಬೇರೆಯವರ ತೊಟ್ಟಿಯಲ್ಲಿ ಬೆಳೆದ ತುಂಡನ್ನೇ ಕೇಳಿ, ಬಿಲ್ಲು ಪಡೆಯಬೇಕು.

ತೊಟ್ಟಿ ಮತ್ತು ಅದರ ಜಾಗ

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, ಅಂದರೆ ಸುಮಾರು 60, 45, 45 ಸೆಂಟಿಮೀಟರಿನ ತೊಟ್ಟಿಯಲ್ಲಿ ಲೆಕ್ಕಕ್ಕೆ 121 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು, ಮೇಲಿನ ಖಾಲಿ ಅಂಚು ಕಳೆದರೆ ನಿಜವಾದ ನೀರು ಹತ್ತಿರಹತ್ತಿರ ನೂರು ಲೀಟರ್. ಇದಕ್ಕಿಂತ ಚಿಕ್ಕದು ಅಗ್ಗವೆನಿಸಿದರೂ ಹೊಸಬರಿಗೆ ಹೆಚ್ಚು ಕಷ್ಟ: ನೀರು ಕಡಿಮೆಯಾದಷ್ಟೂ ಉಷ್ಣಾಂಶವೂ ಲವಣಾಂಶವೂ ಬೇಗ ಏರುಪೇರಾಗುತ್ತವೆ. ನೀರು, ಕಲ್ಲು, ಗಾಜು ಎಲ್ಲ ಸೇರಿ ತೂಕ 160 ಕಿಲೋ ದಾಟುವುದರಿಂದ ಗಟ್ಟಿಯಾದ ಸ್ಟ್ಯಾಂಡು ಬೇಕು. ಅದನ್ನು ಗೋಡೆಯ ಪಕ್ಕದಲ್ಲಿ ರಸಮಟ್ಟವಿಟ್ಟು ನೋಡಿ ನಿಲ್ಲಿಸಬೇಕು. ಬಾಲ್ಕನಿ ಮತ್ತು ಬಿಸಿಲು ಬೀಳುವ ಕಿಟಕಿ ಬೇಡ.

ವಿದ್ಯುತ್ತಿನ ವಿಷಯದಲ್ಲಿ ಉದಾಸೀನ ಸಲ್ಲದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ತೊಟ್ಟಿಯ ಸಾಕೆಟ್ಟಿನ ಸಾಲಿಗೆ, ವಿದ್ಯುತ್ ಸೋರಿದೊಡನೆ ಕಡಿತಗೊಳಿಸುವ ಆರ್‌ಸಿಸಿಬಿ ಹಾಕಿಸಬೇಕು, ಅರ್ಥಿಂಗ್ ಪರೀಕ್ಷಿಸಬೇಕು, ಪ್ರತಿ ವೈರೂ ಸಾಕೆಟ್ಟಿಗೆ ಹೋಗುವ ಮುನ್ನ ಅದಕ್ಕಿಂತ ಕೆಳಗೆ ಜೋತು ಬಿದ್ದು ಮೇಲೇರುವಂತೆ ಬಿಡಬೇಕು. ವೈರಿನ ಗುಂಟ ಇಳಿದ ಹನಿ ಆಗ ಸಾಕೆಟ್ಟಿನೊಳಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ನೀರು

ಈ ಹವ್ಯಾಸದಲ್ಲಿ ಸಾಕುವುದು ನೀರನ್ನು, ಮೀನು ಅದರಲ್ಲಿ ತಾನಾಗಿ ಬದುಕುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಬೆಂಗಳೂರಿನ ಕೊಳವೆಬಾವಿ ನೀರಿನಲ್ಲಿ ಗಡಸುತನದ ಜೊತೆಗೆ ನೈಟ್ರೇಟ್, ಸಿಲಿಕೇಟ್‌ಗಳೂ ಇರಬಹುದು. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಡುಗೆಮನೆಯ ಆರ್‌ಒ ಯಂತ್ರದ ನೀರೇ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಖನಿಜಗಳನ್ನು ಮತ್ತೆ ಸೇರಿಸುವ, ಇಲ್ಲವೇ ಶೋಧಿಸದ ನೀರನ್ನು ಸ್ವಲ್ಪ ಬೆರೆಸುವ ವ್ಯವಸ್ಥೆ ಇರುವುದರಿಂದ ಆ ನೀರು ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಆರ್‌ಒ ಪೊರೆಯ ನಂತರ ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಒಂದು ಹಂತವನ್ನು ಸೇರಿಸಿ, ನೀರಿನಲ್ಲಿ ಕರಗಿದ ಪದಾರ್ಥಗಳನ್ನು ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸುವ ನೀರನ್ನು ಪಡೆಯಬೇಕು. ಸೊನ್ನೆಯಿಂದ ಎರಡು ಮೂರಕ್ಕೆ ಏರಿದ ಕೂಡಲೇ ರಾಳ ಬದಲಿಸುವ ಕಾಲ ಬಂತೆಂದು ತಿಳಿಯಬೇಕು.

ಉಪ್ಪು ಎಂದರೆ ಅಡುಗೆಯ ಉಪ್ಪಲ್ಲ, ಕಲ್ಲುಪ್ಪೂ ಅಲ್ಲ. ಅವುಗಳಲ್ಲಿರುವುದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ; ಹವಳಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಸಮತೂಕದಲ್ಲಿ ಇರುವ ರೀಫ್ ಸಾಲ್ಟ್ ಬೇಕು. ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕದಲ್ಲಿ ಮೊದಲ ಸಲ ನೂರು ಲೀಟರಿಗೆ ನಾಲ್ಕು ಕಿಲೋದೊಳಗೆ, ನಂತರ ವಾರಕ್ಕೆ ಹತ್ತು ಲೀಟರ್ ಬದಲಿಸಿದರೆ ತಿಂಗಳಿಗೆ ಸುಮಾರು ಒಂದೂವರೆ ಕಿಲೋ ಖರ್ಚಾಗುತ್ತದೆ. ಬಕೆಟ್ಟಿನಲ್ಲಿ ನೀರು ತುಂಬಿ, ಪಂಪು ಹಾಕಿ, ಸುತ್ತುವ ನೀರಿಗೆ ಉಪ್ಪನ್ನು ನಿಧಾನವಾಗಿ ಉದುರಿಸಬೇಕು. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ಸಾಂದ್ರತೆ ವಿಪರೀತವಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಗಸಿಯಾಗಿ ಹೊರಬೀಳುತ್ತದೆ. ಒಂದು ದಿನ ತಿರುಗಲು ಬಿಟ್ಟು ಅಳೆದರೆ ಲವಣಾಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026 ಇರಬೇಕು. ಅಳೆಯಲು ರಿಫ್ರಾಕ್ಟೋಮೀಟರ್ ಒಳ್ಳೆಯದು, ಆದರೆ ಅದನ್ನು 35ರ ಪ್ರಮಾಣದ್ರಾವಣದಿಂದ ಆಗಾಗ ಸರಿಹೊಂದಿಸಿಕೊಳ್ಳಬೇಕು.

ಮಂಗಳೂರು, ಉಡುಪಿ, ಕಾರವಾರದ ಓದುಗರಿಗೆ ಕಡಲೇ ಎದುರಿಗಿರುವಾಗ ಉಪ್ಪೇಕೆ ಕೊಳ್ಳಬೇಕೆನ್ನಿಸುವುದು ಸಹಜ. ನೇತ್ರಾವತಿ, ಕಾಳಿಯಂಥ ನದಿಗಳು ಸೇರುವ ದಂಡೆಯ ನೀರಿನ ಲವಣಾಂಶ ಮಳೆಗಾಲದಲ್ಲಿ ತೀರ ಇಳಿಯುತ್ತದೆ; ಬಂದರಿನ ಎಣ್ಣೆ, ಊರಿನ ಕೊಳಚೆ, ಕಣ್ಣಿಗೆ ಕಾಣದ ಪರಾವಲಂಬಿಗಳು ಅದರ ಜೊತೆಗೇ ಬರುತ್ತವೆ. ಪ್ಯಾಕೆಟ್ಟಿನ ಉಪ್ಪು ದುಬಾರಿಯಾದರೂ ಪ್ರತಿ ಸಲವೂ ಒಂದೇ ರೀತಿಯದು.

ಬಿಸಿ, ತಂಪು, ಆವಿ

ತೊಟ್ಟಿಯ ಉಷ್ಣಾಂಶ 24ರಿಂದ 27 ಡಿಗ್ರಿಯ ನಡುವೆ ಇರಬೇಕು, ದಿನದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಆಡಬಾರದು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ನೂರು ವ್ಯಾಟಿನ ಹೀಟರ್ ಬೇಕಾಗುತ್ತದೆ. ಹೀಟರುಗಳು ಕೆಡುವಾಗ ಆರದೆ ಉರಿಯುತ್ತಲೇ ಉಳಿಯುವುದೂ ಉಂಟಾದ್ದರಿಂದ ಅದರ ಮೇಲೆ ಪ್ರತ್ಯೇಕ ಉಷ್ಣ ನಿಯಂತ್ರಕವೊಂದನ್ನು ಇಡುವುದು ಒಳ್ಳೆಯದು. ಏಪ್ರಿಲಿನಲ್ಲಿ ಹೊರಗೆ 35 ಡಿಗ್ರಿ ದಾಟುವಾಗ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನು ಎರಡು ಮೂರು ಡಿಗ್ರಿ ಇಳಿಸಬಲ್ಲದು. ಈ ಉಪಾಯ ಒಣಹವೆಯಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ನೀರು ಆವಿಯಾಗುವುದು ಕಡಿಮೆ, ತಂಪಾಗುವುದೂ ಕಡಿಮೆ. ಅಲ್ಲಿಯವರು ನೀರನ್ನು ತಂಪುಗೊಳಿಸುವ ಯಂತ್ರವಾದ ಚಿಲ್ಲರಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲವೇ ಯೋಜನೆಯನ್ನೇ ಮುಂದೂಡಬೇಕು.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನೂರು ಲೀಟರಿನ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಹೋದರೆ 35 ಇದ್ದ ಲವಣಾಂಶ 35.7 ಆಗುತ್ತದೆ, ಮೂರು ದಿನ ನೋಡದೆ ಬಿಟ್ಟರೆ 37 ದಾಟುತ್ತದೆ. ಹಾಗಾಗಿ ದಿನವೂ ಮೇಲಿಂದ ತುಂಬಿಸುವುದು ಉಪ್ಪಿಲ್ಲದ ಡಿಐ ನೀರನ್ನು. ಗಾಜಿನ ಹೊರಗೆ ಟೇಪು ಅಂಟಿಸಿ ಮಟ್ಟವನ್ನು ಗುರುತು ಮಾಡಿಟ್ಟುಕೊಂಡರೆ ಮನೆಯ ಬೇರೆಯವರೂ ಈ ಕೆಲಸ ಮಾಡಬಹುದು. ಸ್ವಯಂಚಾಲಿತವಾಗಿ ತುಂಬಿಸುವ ಯಂತ್ರ ಕೊಂಡರೆ ಇನ್ನೂ ನಿಶ್ಚಿಂತೆ. ದೀಪಕ್ಕೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಈ ಯಂತ್ರಕ್ಕೆ ತಿರುಗಿಸಿದರೆ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ.

ಹರಿವಿಗೆ ಗಂಟೆಗೆ 1500ರಿಂದ 2000 ಲೀಟರ್ ತಳ್ಳುವ ವೇವ್‌ಮೇಕರ್ ಒಂದು ಸಾಕು. ಮೆದು ಹವಳಗಳಿಗೆ ಸಾಧಾರಣ ಶಕ್ತಿಯ ನೀಲಿ-ಬಿಳಿ ಎಲ್‌ಇಡಿ ದೀಪ ದಿನಕ್ಕೆ ಎಂಟು ಗಂಟೆ ಉರಿದರೆ ಸಾಕಾಗುತ್ತದೆ. ಕರೆಂಟು ಹೋದಾಗ ಮೊದಲು ಕಾಡುವುದು ಬೆಳಕಿನ ಅಭಾವವಲ್ಲ, ಆಮ್ಲಜನಕದ್ದು. ವೇವ್‌ಮೇಕರನ್ನು ಇನ್ವರ್ಟರಿನ ಸಾಲಿಗೆ ಕೊಟ್ಟಿರಬೇಕು ಅಥವಾ ಬ್ಯಾಟರಿಯ ಗಾಳಿಪಂಪು ಕೈಗೆ ಸಿಗುವಂತಿರಬೇಕು.

ಕಲ್ಲು ಜೋಡಣೆ ಮತ್ತು ಖಾಲಿ ತೊಟ್ಟಿಯ ವಾರಗಳು

ಹತ್ತು ಲೀಟರಿಗೆ ಒಂದು ಕಿಲೋದಂತೆ ಹತ್ತು ಹನ್ನೆರಡು ಕಿಲೋ ಒಣಕಲ್ಲು ಬೇಕು. ಭಾರದ ಕಲ್ಲುಗಳನ್ನು ಮರಳಿನ ಮೇಲಿಡದೆ ನೇರವಾಗಿ ತಳದ ಮೇಲೆ ಕೂರಿಸಿ, ಆಮೇಲೆ ಸುತ್ತಲೂ ಮೂರು ಸೆಂಟಿಮೀಟರಿನಷ್ಟು ಅರಗೊನೈಟ್ ಎಂಬ ಸುಣ್ಣದಂಶದ ಮರಳನ್ನು ತುಂಬಬೇಕು; ಬಿಲ ತೋಡುವ ಗೋಬಿ ಮೀನುಗಳು ಕಲ್ಲಿನ ಅಡಿಯ ಮರಳನ್ನು ತೆಗೆದರೂ ಆಗ ಕಲ್ಲು ಉರುಳುವುದಿಲ್ಲ. ಕಲ್ಲಿನ ಗುಡ್ಡೆಯನ್ನು ಹಿಂದಿನ ಗಾಜಿಗೆ ಒರಗಿಸದೆ ಸುತ್ತಲೂ ನೀರು ಹರಿಯುವಂತೆ, ಒಳಗೆ ಗುಹೆಗಳಿರುವಂತೆ ಕಟ್ಟಬೇಕು.

ಈಗ ಬರುವುದು ಸೈಕ್ಲಿಂಗ್ ಎಂದು ಕರೆಯುವ ಹಂತ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ಮೂರರಿಂದ ಆರು ವಾರ ಹಿಡಿಯುತ್ತದೆ. ಹಿಂದೆ ಈ ಕೆಲಸಕ್ಕೆ ಗಟ್ಟಿಜೀವದ ಡ್ಯಾಮ್ಸೆಲ್ ಮೀನನ್ನು ಬಿಡುವ ರೂಢಿಯಿತ್ತು. ಅದು ಮೀನಿಗೆ ಹಿಂಸೆ. ಬದುಕುಳಿದ ಡ್ಯಾಮ್ಸೆಲ್ ಮುಂದೆ ಬರುವ ಪ್ರತಿ ಮೀನನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಅದರ ಬದಲು ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾವನ್ನು ಸುರಿದು, ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಆಗುವಂತೆ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಬೇಕು; ನೂರು ಲೀಟರಿಗೆ ಇದು 0.6 ಗ್ರಾಂನಷ್ಟಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸುತ್ತ ಹೋದರೆ ಮೊದಲು ಅಮೋನಿಯ ಇಳಿದು ನೈಟ್ರೈಟ್ ಏರುವುದು, ಆಮೇಲೆ ಅದೂ ಇಳಿಯುವುದು ಕಾಣುತ್ತದೆ. ಹಾಕಿದಷ್ಟೂ ಅಮೋನಿಯ ಒಂದೇ ದಿನದಲ್ಲಿ ಸೊನ್ನೆಯಾಗಿ ನೈಟ್ರೈಟ್ ಕೂಡ ಸೊನ್ನೆ ತೋರಿಸಿದಾಗ ತೊಟ್ಟಿ ಸಿದ್ಧವಾಯಿತು. ಈ ವಾರಗಳಲ್ಲಿ ದೀಪ ಹಾಕುವುದರಿಂದ ಪಾಚಿಗೆ ಹೊರತು ಯಾರಿಗೂ ಲಾಭವಿಲ್ಲ.

ದೀಪ ಹಚ್ಚಿದ ಮೇಲೆ ಮರಳಿನ ಮೇಲೆ ಕಂದು ಪುಡಿಯಂತೆ ಡಯಾಟಂ ಪಾಚಿ ಹರಡುತ್ತದೆ, ಅದರ ಹಿಂದೆ ಹಸಿರು ಪಾಚಿ ಬರುತ್ತದೆ. ಹೊಸ ತೊಟ್ಟಿಗಳೆಲ್ಲ ಹಾಯ್ದು ಹೋಗುವ ದಾರಿ ಇದು. ರಾಸಾಯನಿಕ ಸುರಿದು ಹೊಡೆದಾಡುವ ಅಗತ್ಯವಿಲ್ಲ. ಟ್ರೋಕಸ್, ಸೆರಿತ್ ಜಾತಿಯ ನಾಲ್ಕೈದು ಬಸವನಹುಳುಗಳೂ ಒಂದೆರಡು ಚಿಕ್ಕ ಸನ್ಯಾಸಿ ಏಡಿಗಳೂ ತೊಟ್ಟಿಗೆ ಬರುವ ಮೊದಲ ಪ್ರಾಣಿಗಳಾಗಲಿ. ಸನ್ಯಾಸಿ ಏಡಿಗೆ ಖಾಲಿ ಚಿಪ್ಪುಗಳನ್ನು ಒದಗಿಸದಿದ್ದರೆ ಅದು ಬಸವನಹುಳುವನ್ನು ಕೊಂದು ಅದರ ಚಿಪ್ಪಿಗೆ ಸೇರಿಕೊಳ್ಳುತ್ತದೆ.

ಮೀನುಗಳ ಆಯ್ಕೆ

ನೂರು ಲೀಟರಿಗೆ ಮೂರು, ಹೆಚ್ಚೆಂದರೆ ನಾಲ್ಕು ಸಣ್ಣ ಮೀನು. ಅದರಲ್ಲಿ ಎರಡು ಸ್ಥಾನ ಓಸೆಲ್ಲಾರಿಸ್ ಕ್ಲೌನ್ ಮೀನಿನ ಜೋಡಿಗೆ ಸಲ್ಲಬೇಕು. ಈ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಎರಡು ಮರಿಗಳನ್ನು ಆರಿಸಿದರೆ ಜಗಳ ಬೇಗ ತೀರಿ ಜೋಡಿ ಕೂಡುತ್ತದೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿಮಾಡಿಸುವ ತಂತ್ರವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಮರಿಕೇಂದ್ರದ ಮೀನು ಒಣ ಆಹಾರಕ್ಕೆ ಒಗ್ಗಿರುತ್ತದೆ, ರೋಗ ತರುವ ಸಂಭವ ಕಡಿಮೆ. ಆಗ್ನೇಯ ಏಷ್ಯಾದ ಕೆಲವು ಕಡಲುಗಳಲ್ಲಿ ಸಯನೈಡ್ ಬಳಸಿ ಮೀನು ಹಿಡಿಯುವ ದುರಭ್ಯಾಸ ಇದ್ದು, ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿ ಕಂಡು ಮನೆಗೆ ಬಂದ ಮೇಲೆ ಸಾಯುವುದುಂಟು. ಕ್ಲೌನ್ ಮೀನಿಗೆ ಹೂವಿನಂತೆ ಕಾಣುವ ಅನಿಮೋನ್ ಎಂಬ ಕಡಲಪ್ರಾಣಿ ಬೇಕೇಬೇಕೆಂಬುದು ತಪ್ಪು ತಿಳಿವಳಿಕೆ. ಹೊಸ ತೊಟ್ಟಿಯಲ್ಲಿ ಅನಿಮೋನ್ ಅಲೆದಾಡಿ ವೇವ್‌ಮೇಕರಿಗೆ ಸಿಕ್ಕಿ ಸತ್ತು ನೀರನ್ನೆಲ್ಲ ಕೆಡಿಸಬಲ್ಲದು.

ಮೂರನೆಯದಾಗಿ ಫೈರ್‌ಫಿಶ್ ಅಥವಾ ಹಳದಿ ವಾಚ್‌ಮನ್ ಗೋಬಿ ಹೊಂದುತ್ತದೆ. ಗೋಬಿಯ ಜೊತೆಗೆ ಪಿಸ್ತೂಲ್ ಸೀಗಡಿ ಸಿಕ್ಕರೆ, ಕಣ್ಣು ಮಂದವಾದ ಸೀಗಡಿ ಬಿಲ ತೋಡುವುದನ್ನೂ ಗೋಬಿ ಬಾಗಿಲಲ್ಲಿ ಕಾವಲು ಕೂರುವುದನ್ನೂ ನೋಡಬಹುದು. ಚಿಕ್ಕ ತೊಟ್ಟಿಯೊಂದು ಕೊಡಬಹುದಾದ ಅತ್ಯಂತ ರಂಜಕ ದೃಶ್ಯ ಅದೇ. ಫೈರ್‌ಫಿಶ್ ಬೆದರಿದರೆ ಹೊರಗೆ ಜಿಗಿಯುವುದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಬೇಕು. ಕ್ರಮದಲ್ಲಿ ಸಾಧು ಮೀನು ಮೊದಲು, ಜಾಗಕ್ಕಾಗಿ ಕಾದಾಡುವ ಕ್ಲೌನ್ ಜೋಡಿ ಕೊನೆಗೆ. ಒಂದು ಸೇರ್ಪಡೆಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ವಾರದ ಅಂತರವಿರಬೇಕು.

ಕೊಳ್ಳಬಾರದವುಗಳ ಪಟ್ಟಿಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುವ, ಈಜಲು ಉದ್ದದ ಜಾಗ ಬೇಡುವ ಮೀನು. ಮ್ಯಾಂಡರಿನ್ ಮೀನು ಕೊಪೆಪಾಡ್ ಎಂಬ ಅತಿಸಣ್ಣ ಜೀವಂತ ಪ್ರಾಣಿಗಳನ್ನೇ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸೊರಗುತ್ತದೆ. ಚಿಟ್ಟೆ ಮೀನುಗಳಲ್ಲಿ ಹಲವು ಹವಳವನ್ನೇ ಕುಕ್ಕುತ್ತವೆ. ಸಿಂಹಮೀನಿನ ಮುಳ್ಳಿನಲ್ಲಿ ವಿಷವಿದೆ.

ಪ್ರತಿ ಮೀನನ್ನೂ ಬೇರೆ ಚಿಕ್ಕ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಪ್ರತ್ಯೇಕವಾಗಿಟ್ಟು ನೋಡಬೇಕು. ಬಿಳಿ ಚುಕ್ಕೆಯ ರೋಗ ತರುವ ಕ್ರಿಪ್ಟೊಕ್ಯಾರಿಯನ್ ಮುಖ್ಯ ತೊಟ್ಟಿಗೆ ಹೊಕ್ಕರೆ ಅದಕ್ಕೆ ನೀಡುವ ತಾಮ್ರದ ಔಷಧಿ ಹವಳ, ಸೀಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ. ಮೀನನ್ನೆಲ್ಲ ಹೊರತೆಗೆದು ತೊಟ್ಟಿಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಮೀನಿಲ್ಲದೆ ಬಿಡುವ ದಾರಿಯಷ್ಟೇ ಉಳಿಯುತ್ತದೆ. ತರುವ ದಿನ ಚೀಲವನ್ನು ಹದಿನೈದು ನಿಮಿಷ ತೇಲಿಸಿ ಉಷ್ಣಾಂಶ ಹೊಂದಿಸಿ, ತೊಟ್ಟಿಯ ನೀರನ್ನು ಅರ್ಧ ಗಂಟೆ ಹನಿಹನಿಯಾಗಿ ಬಿಟ್ಟು, ಮೀನನ್ನು ಮಾತ್ರ ಒಳಗೆ ಬಿಡಬೇಕು. ಚೀಲದ ನೀರು ಮೋರಿಗೆ. ಕೊರಿಯರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಪಯಣಿಸಿದ ಮೀನಿಗೆ ಹನಿಯ ಹಂತವನ್ನು ಮೊಟಕುಗೊಳಿಸಬೇಕು, ಏಕೆಂದರೆ ಚೀಲ ಬಿಚ್ಚಿದೊಡನೆ ನೀರಿನ ಪಿಎಚ್ ಏರಿ ಅದರಲ್ಲಿ ಕೂಡಿದ್ದ ಅಮೋನಿಯ ಹೆಚ್ಚು ವಿಷವಾಗುತ್ತದೆ.

ಮೆದು ಹವಳಗಳು ಮತ್ತು ಒಂದು ಎಚ್ಚರಿಕೆ

ಮೊದಲ ಮೀನು ಬಂದು ಒಂದೆರಡು ತಿಂಗಳು ಕಳೆದು, ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1ರ ಆಸುಪಾಸಿನಲ್ಲಿ ನಿಂತ ಮೇಲೆ ಹವಳದ ಸರದಿ. ಎರಡನ್ನೂ ಸೊನ್ನೆಗೆ ಇಳಿಸುವ ಹುಮ್ಮಸ್ಸು ಬೇಡ. ಮೆದು ಹವಳಗಳು ಅಲ್ಪ ಪೋಷಕಾಂಶ ಬಯಸುತ್ತವೆ, ತೀರ ಬರಿದಾದ ನೀರಿನಲ್ಲಿ ಡೈನೋಫ್ಲಾಜೆಲೇಟ್‌ ಎಂಬ ಸೂಕ್ಷ್ಮಜೀವಿಗಳ ಲೋಳೆ ಹಬ್ಬುತ್ತದೆ. ಕ್ಷಾರತೆಯನ್ನು ಅದರ ಅಳತೆಯ ಮಾನವಾದ ಡಿಕೆಎಚ್‌ನಲ್ಲಿ 8ರಿಂದ 9ರಷ್ಟು ಸ್ಥಿರವಾಗಿಟ್ಟರೆ ಸಾಕು. ಅದಕ್ಕೆ ವಾರದ ನೀರು ಬದಲಾವಣೆಯೇ ಪರ್ಯಾಪ್ತ.

ಅಣಬೆ ಹವಳವನ್ನು ಕೆಳಗೆ ನೆರಳಿನ ಕಡೆ, ಝೋವಾಂಥಸ್‌ಗಳನ್ನು ನಡುವೆ, ಸಾರ್ಕೊಫೈಟಾನನ್ನು ಮೇಲೆ ಬೇರೆಯವುಗಳಿಂದ ದೂರ ಇಡಬೇಕು. ಸಾರ್ಕೊಫೈಟಾನ್ ನೆರೆಯವರನ್ನು ತಡೆಯಲು ನೀರಿಗೆ ರಾಸಾಯನಿಕಗಳನ್ನು ಬಿಡುವುದರಿಂದ ಫಿಲ್ಟರಿನಲ್ಲಿ ಸಕ್ರಿಯ ಇಂಗಾಲದ ಚೀಲವೊಂದು ಇರಲಿ. ಝೀನಿಯಾ ಕಳೆಯಂತೆ ಹಬ್ಬುವುದರಿಂದ ಅದಕ್ಕೆ ಗುಡ್ಡೆಯಿಂದ ಬೇರ್ಪಟ್ಟ ಒಂಟಿ ಕಲ್ಲೇ ಸರಿ.

ಝೋವಾಂಥಸ್ ಮತ್ತು ಅದರ ಬಳಗದ ಪಾಲಿಥೋವಾದ ವಿಷಯದಲ್ಲಿ ಸಡಿಲಿಕೆ ಕೂಡದು. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷವನ್ನು ಹೊಂದಿರುತ್ತವೆ. ಅಂಟಿಕೊಂಡ ಕಲ್ಲನ್ನು ಕುದಿಸಿ ಅಥವಾ ಬಿಸಿನೀರು ಹಾಕಿ ಉಜ್ಜಿದಾಗ ಏಳುವ ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕಣ್ಣಿಗೆ ಕನ್ನಡಕ. ಅಡುಗೆಯ ಪಾತ್ರೆ, ಚಾಕು ಇದಕ್ಕೆ ಬಳಸಬಾರದು. ಮಕ್ಕಳ ಕೈ ತೊಟ್ಟಿಯೊಳಗೆ ಹೋಗಬಾರದು.

ಆಮೇಲಿನ ದಿನಚರಿ

ದಿನವೂ ನೀರಿನ ಮಟ್ಟ ಮತ್ತು ಉಷ್ಣಾಂಶ ನೋಡುವುದು, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು, ವಾರಕ್ಕೊಮ್ಮೆ ಅದೇ ಉಷ್ಣಾಂಶ ಮತ್ತು ಲವಣಾಂಶದ ಹತ್ತು ಲೀಟರ್ ನೀರು ಬದಲಿಸುವುದು, ಗಾಜು ಒರೆಸುವುದು, ಅಳತೆಗಳನ್ನು ಬರೆದಿಡುವುದು. ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿ ಹಾಕುವುದಾದರೆ ಅದನ್ನು ಡಿಐ ನೀರಿನಲ್ಲಿ ಕರಗಿಸಿ, ಆ ನೀರನ್ನು ಚೆಲ್ಲಿ ಹಾಕಬೇಕು.

ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿಯನ್ನೇ ಕೊಟ್ಟು ಹೋಗಬಾರದು. ಅಕ್ಕರೆಯಿಂದ ಹಾಕಿದ ಒಂದು ಹಿಡಿ ಆಹಾರ ಕೊಳೆತು ಅಮೋನಿಯವಾಗಲು ಒಂದು ರಾತ್ರಿ ಸಾಕು. ದಿನಕ್ಕೊಂದರಂತೆ ಚಿಟಿಕೆ ಚಿಟಿಕೆ ಪೊಟ್ಟಣ ಕಟ್ಟಿ ಮೇಲೆ ತಾರೀಖು ಬರೆದು, ಉಳಿದದ್ದನ್ನು ಬೀರುವಿನಲ್ಲಿಟ್ಟು, ಕರೆಂಟು ಹೋದರೆ ಯಾವ ಸ್ವಿಚ್ಚು ಹಾಕಬೇಕೆಂದು ತೋರಿಸಿ ಹೊರಡಬೇಕು.